ಆಗ, ಈಗ: ಆಘಾತದ ನೆನಪನ್ನು ಕನ್ನಡದಲ್ಲಿ ವಿಚಾರಿಸುವ ಬಗ್ಗೆ ಒಂದು ಟಿಪ್ಪಣಿ

ಪಿಟಿಎಸ್‌ಡಿ ಎಂದು ವೈದ್ಯರು ಕರೆಯುವ ಕಾಯಿಲೆಗೆ ಕನ್ನಡದ ಆರೋಗ್ಯ ಬರಹಗಳಲ್ಲಿ ಸಿಗುವ ಹೆಸರು 'ಆಘಾತೋತ್ತರ ಒತ್ತಡ ಅಸ್ವಸ್ಥತೆ'. ಸ್ವಲ್ಪ ಬಿಡಿಸಿ ಹೇಳುವವರು 'ಆಘಾತದ ನಂತರದ ಒತ್ತಡದ ಕಾಯಿಲೆ' ಎನ್ನುತ್ತಾರೆ. ನಿಘಂಟು ಹಿಡಿದು ನೋಡಿದರೆ ಎರಡರಲ್ಲೂ ತಪ್ಪಿಲ್ಲ. ಆದರೆ ಈ ಹೆಸರು ಕೇಳಿದವರ ಗಮನ ಕಾಯಿಲೆಯ ತಿರುಳನ್ನು ಬಿಟ್ಟು ಬೇರೆಲ್ಲೋ ಹೋಗುತ್ತದೆ ಎಂಬುದು ನನ್ನ ಅನುಮಾನ. ಅದಕ್ಕೆ ಕಾರಣ ಹೇಳಿ, ಈ ಕಾಯಿಲೆಯನ್ನು ಗುರುತಿಸಲು ನಮ್ಮ ಮಾತಿನಲ್ಲೇ ಇದಕ್ಕಿಂತ ಹತ್ತಿರದ ದಾರಿ ಇದೆಯೇ ಎಂದು ನೋಡುವುದು ಈ ಟಿಪ್ಪಣಿಯ ಕೆಲಸ.

ಮೊದಲು 'ಆಘಾತ'. ಸಂಸ್ಕೃತದ 'ಹನ್' ಧಾತುವಿನಿಂದ ಬಂದ ಈ ಪದಕ್ಕೆ ಹೊಡೆತ, ಪೆಟ್ಟು ಎಂದರ್ಥ. ಅಪಘಾತ, ಹೃದಯಾಘಾತ ಎಲ್ಲವೂ ಇದೇ ಬಳ್ಳಿಯ ಕಾಯಿಗಳು. 'ಟ್ರಾಮಾ' ಎಂಬ ಗ್ರೀಕ್ ಪದದ ಅರ್ಥವಾದರೋ ಗಾಯ. ಹೊಡೆತ ಬಿದ್ದು ಮುಗಿಯುತ್ತದೆ, ಗಾಯ ಉಳಿಯುತ್ತದೆ. ಆಘಾತ ಎಂದೊಡನೆ ನಮ್ಮ ವಿಚಾರಣೆ ಆ ಒಂದು ಗಳಿಗೆಯ ಸುತ್ತ ನಿಂತುಬಿಡುತ್ತದೆ: ಹೇಗೆ ಗುದ್ದಿತು, ಯಾರು ಹೋದರು, ಯಾರು ಉಳಿದರು. 'ನಂತರ' ಎಂಬುದಂತೂ ಇನ್ನೂ ತೊಡಕಿನ ಪದ. ಆದದ್ದು ಆಗಿಹೋಯಿತು, ಇದು ಅದರ ಬಾಲ ಎಂಬ ಭಾವ ಅದರಲ್ಲಿದೆ. ಈ ಕಾಯಿಲೆಯವರಿಗೆ ನಂತರ ಎಂಬುದೇ ಬಂದಿರುವುದಿಲ್ಲ. ಇನ್ನು 'ಒತ್ತಡ': ರಕ್ತದೊತ್ತಡ, ಪರೀಕ್ಷೆಯ ಒತ್ತಡ, ಆಡುಮಾತಿನಲ್ಲಿ ಟೆನ್ಷನ್. ಟೆನ್ಷನ್‌ಗೆ ಮದ್ದು ಬೀದಿಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿ ಬಾ, ಧರ್ಮಸ್ಥಳಕ್ಕೆ ಹೋಗಿ ಬಾ. ಹೋಗಿ ಬಂದ ಮೇಲೂ ಹಾಗೇ ಇದ್ದರೆ ತಪ್ಪು ಹೋದವನದು.

ಈ ಹೆಸರು ಹುಟ್ಟಿದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ರೋಗವರ್ಗೀಕರಣದ ಮೂರನೆಯ ಆವೃತ್ತಿಯಲ್ಲಿ. ಅದರ ಹಿಂದೆ ವಿಯೆಟ್ನಾಂನಿಂದ ಮರಳಿದ ಸೈನಿಕರ ಒತ್ತಾಯವಿತ್ತು. ಬಾಸ್ಟನ್ನಿನಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಅತ್ಯಾಚಾರಕ್ಕೆ ಒಳಗಾದ ಹೆಂಗಸರನ್ನು ಕುರಿತು 1974ರಲ್ಲಿ ಪ್ರಕಟಿಸಿದ ಅಧ್ಯಯನವೂ ಇತ್ತು. ಗಂಡಸರ ಯುದ್ಧಭೂಮಿ ಮತ್ತು ಹೆಂಗಸರ ಮನೆ-ಬೀದಿ ಎರಡರಲ್ಲೂ ಒಂದೇ ಬಗೆಯ ಗಾಯ ಕಾಣುತ್ತದೆ ಎಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. 2013ರ ಐದನೆಯ ಆವೃತ್ತಿಗೆ ಬರುವ ಹೊತ್ತಿಗೆ ಲಕ್ಷಣಗಳ ಪಟ್ಟಿ 20ಕ್ಕೆ ಬೆಳೆದು ನಾಲ್ಕು ಗುಂಪುಗಳಾದವು. ಆ ನಿಯಮಗಳ ಪ್ರಕಾರ ಈ ಒಂದು ಕಾಯಿಲೆ 6,36,120 ಬಗೆಯ ಲಕ್ಷಣ-ಜೋಡಣೆಗಳಲ್ಲಿ ಬರಬಹುದು ಎಂದು ಗಲಾಟ್ಜರ್-ಲೆವಿ ಮತ್ತು ಬ್ರ್ಯಾಂಟ್ ಅದೇ ವರ್ಷ ಲೆಕ್ಕ ಹಾಕಿ ತೋರಿಸಿದರು. ಆರು ಲಕ್ಷ ಮುಖಗಳಿರುವುದನ್ನು ಒಂದು ಹೆಸರಿನಿಂದ ಕರೆಯುವುದರಲ್ಲಿ ಏನು ಅರ್ಥ ಎಂದು ಯಾರಾದರೂ ಕೇಳಿದರೆ ಅದು ಕುಚೋದ್ಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಈ ಜಾತ್ರೆಯನ್ನು ಮೂರು ಮಾತಿಗೆ ಇಳಿಸಿತು. ಒಂದು, ನಡೆದದ್ದು ಬರಿಯ ನೆನಪಾಗಿ ಬರದೆ ಈಗ, ಇಲ್ಲಿ ಮತ್ತೆ ನಡೆಯುತ್ತಿರುವಂತೆ ಅನುಭವಕ್ಕೆ ಬರುವುದು. ಎರಡು, ಅದನ್ನು ತರುವ ಯೋಚನೆ, ಜಾಗ, ಜನರಿಂದ ದೂರ ಸರಿಯುವುದು. ಮೂರು, ಅಪಾಯ ಇನ್ನೂ ಎದುರಿಗೇ ಇದೆ ಎಂಬಂತೆ ಮೈ ಸದಾ ಕಾವಲು ಕೂತಿರುವುದು. ಇಷ್ಟು ಕೆಲವು ವಾರಗಳಾದರೂ ಬಿಡದೆ ಇದ್ದು, ದುಡಿಮೆ, ಸಂಸಾರ ಏರುಪೇರಾದರೆ ಕಾಯಿಲೆ. ಈ ಮೂರರಲ್ಲೂ 'ಈಗ' ಇದೆ ಎಂಬುದನ್ನು ಗಮನಿಸಬೇಕು. ಇಲ್ಲಿ ಕೆಟ್ಟಿರುವುದು ಕಾಲದ ಲೆಕ್ಕ.

ಹತ್ತಿರದಿಂದ ನೋಡಲು ಒಂದು ಚಿತ್ರ. ಇದು ಯಾರೊಬ್ಬರ ಕಥೆಯೂ ಅಲ್ಲ, ವೈದ್ಯಕೀಯ ಬರಹಗಳು ವಿವರಿಸುವ ಲಕ್ಷಣಗಳನ್ನು ನಮ್ಮ ರಸ್ತೆಯೊಂದರ ಮೇಲೆ ಇಟ್ಟು ನಾನೇ ಕಟ್ಟಿಕೊಂಡದ್ದು. ಬೆಂಗಳೂರು-ಮಂಗಳೂರು ನಡುವೆ ಲಾರಿ ಓಡಿಸುವವನೊಬ್ಬ. ಮೂರು ವರ್ಷದ ಹಿಂದೆ ಶಿರಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಎದುರು ಬಂದ ಕಾರು ಲಾರಿಯ ಮುಂಭಾಗಕ್ಕೆ ನುಗ್ಗಿತು. ಅವನಿಗೆ ಗೀರೂ ಆಗಲಿಲ್ಲ. ಕೇಸು ಮುಗಿದಿದೆ, ತಪ್ಪು ಅವನದಲ್ಲ ಎಂದು ಆಗಿದೆ, ಓನರ್ ಮತ್ತೆ ಗಾಡಿ ಕೊಟ್ಟಿದ್ದಾನೆ. ಈಗ ಅವನು ಶಿರಾಡಿ ಮುಟ್ಟುವುದಿಲ್ಲ. ಮೈಸೂರು, ಮಡಿಕೇರಿ, ಸಂಪಾಜೆ ಸುತ್ತಿ ಇಳಿಯುತ್ತಾನೆ. ಡೀಸೆಲ್ ಹೆಚ್ಚು ಸುಟ್ಟಿತೆಂದು ಬೈಸಿಕೊಳ್ಳುತ್ತಾನೆ. ಬ್ರೇಕ್ ಲೈನರ್ ಕಾದ ವಾಸನೆ ಯಾವ ಗಾಡಿಯಿಂದ ಬಂದರೂ ಅಂಗೈ ಒದ್ದೆಯಾಗುತ್ತದೆ, ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತದೆ. ಹೋಟೆಲಿನಲ್ಲಿ ಬಾಗಿಲು ಕಾಣುವ ಹಾಗೆ, ಬೆನ್ನಿಗೆ ಗೋಡೆ ಇರುವ ಕಡೆ ಕೂರುತ್ತಾನೆ. ಸ್ಟೀಲ್ ಲೋಟ ಕೆಳಗೆ ಬಿದ್ದರೆ ಬೆಚ್ಚಿಬೀಳುತ್ತಾನೆ, ಕ್ಲೀನರ್ ಹುಡುಗ ನಗುತ್ತಾನೆ, ಇವನು ಅವನ ಕೆನ್ನೆಗೆ ಬಾರಿಸುತ್ತಾನೆ. ಆಮೇಲೆ ತನಗೇ ನಾಚಿಕೆ. ರಾತ್ರಿ ಕ್ವಾರ್ಟರ್ ಹಾಕದೆ ನಿದ್ದೆ ಹತ್ತುವುದಿಲ್ಲ. ಮನೆಯವರ ಪ್ರಕಾರ ಅವನಿಗೆ 'ಸಿಟ್ಟು ಜಾಸ್ತಿಯಾಗಿದೆ', ಊರಿನವರ ಪ್ರಕಾರ 'ಕುಡಿತ ಕಲಿತ', ಓನರ್ ಪ್ರಕಾರ 'ಕಳ್ಳಬಿದ್ದಿದ್ದಾನೆ'. ಮೂವರೂ ನೋಡಿದ್ದು ನಿಜವನ್ನೇ. ಮೂರನ್ನೂ ಕೂಡಿಸಿ ಶಿರಾಡಿಯ ಆ ತಿರುವಿಗೆ ಒಯ್ದು ನಿಲ್ಲಿಸುವವರು ಯಾರೂ ಇಲ್ಲ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಗೀರೂ ಆಗದೆ ಇಳಿದು ಹೋದ ಚಾಲಕರನ್ನು ಬರೆದುಕೊಳ್ಳುವ ಕಾಲಂ ಅಂಥ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು?

ಈಗ ವ್ಯಾಕರಣಕ್ಕೆ ಬರೋಣ. ನೆನಪಿನ ಬಗ್ಗೆ ಕನ್ನಡದಲ್ಲಿ ಎರಡು ಬಗೆಯಲ್ಲಿ ಮಾತಾಡುತ್ತೇವೆ. 'ನನಗೆ ಅದು ನೆನಪಾಯಿತು' ಎಂಬಲ್ಲಿ ನೆನಪು ತಾನಾಗಿ ಬಂದದ್ದು, ನಾನು ಚತುರ್ಥಿ ವಿಭಕ್ತಿಯಲ್ಲಿ ನಿಂತು ಬರಮಾಡಿಕೊಂಡವನು. 'ನಾನು ಅದನ್ನು ನೆನಪು ಮಾಡಿಕೊಂಡೆ' ಎಂಬಲ್ಲಿ ನಾನು ಕರ್ತೃ, ಜೊತೆಗೆ 'ಕೊಳ್ಳು' ಸೇರಿ ಕೆಲಸ ನನಗಾಗಿಯೇ ಆಯಿತು. ಈ ಕಾಯಿಲೆಯ ವಿವರಣೆಯೆಲ್ಲ ಈ ಎರಡು ವಾಕ್ಯಗಳ ನಡುವೆ ಇದೆ ಎಂದು ನನಗೆ ಒಮ್ಮೆ ಅನ್ನಿಸಿತ್ತು. ರೋಗಿಗೆ ನೆನಪಾಗುತ್ತದೆ, ನೆನಪು ಮಾಡಿಕೊಳ್ಳಲು ಅವನಿಗೆ ಆಗುವುದಿಲ್ಲ. ಚಿಕಿತ್ಸೆ ಎಂದರೆ ಮೊದಲ ವಾಕ್ಯವನ್ನು ಎರಡನೆಯದಾಗಿ ತಿರುಗಿಸುವುದು. ಕೇಳಲು ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಆರೋಗ್ಯವಂತರಿಗೂ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ಹಳೆಯ ಹಾಡು ಕೇಳಿ ಸತ್ತ ಅಜ್ಜಿ ನೆನಪಾಗುತ್ತಾಳೆ. ಚತುರ್ಥಿ ವಿಭಕ್ತಿ ನಮ್ಮ ಭಾಷೆಯ ಸ್ವಭಾವ. ಅದರಿಂದ ರೋಗ ಪತ್ತೆ ಮಾಡಹೊರಟರೆ ಇಡೀ ನಾಡನ್ನೇ ಆಸ್ಪತ್ರೆಗೆ ಸೇರಿಸಬೇಕಾದೀತು.

ಎರಡನೆಯ ಆಸೆ ಕ್ರಿಯಾಪದದ ಕಾಲದ ಮೇಲೆ. ಆದದ್ದನ್ನು ಹೇಳುತ್ತಾ ಹೇಳುತ್ತಾ ಮನುಷ್ಯ ವರ್ತಮಾನಕ್ಕೆ ಜಾರಿದರೆ, ಘಟನೆ ಅವನಿಗೆ ಇನ್ನೂ ನಡೆಯುತ್ತಿದೆ ಎನ್ನಬಹುದಲ್ಲವೇ? ಇದೂ ನಿಲ್ಲುವುದಿಲ್ಲ. 'ಬಾಗಿಲು ತೆಗೀತೀನಿ, ಎದುರಿಗೇ ನಿಂತಿದಾನೆ!' ಎಂದು ಕಟ್ಟೆಯ ಮೇಲೆ ಕೂತು ಕಥೆ ಹೇಳುವವರೆಲ್ಲ ಹೇಳುತ್ತಾರೆ. ಅದು ಒಳ್ಳೆಯ ಕಥೆಗಾರನ ಪಟ್ಟು. ವ್ಯತ್ಯಾಸ ವ್ಯಾಕರಣದ ಹೊರಗಿದೆ. ಕಥೆಗಾರ ಕೇಳುಗನ ಮುಖ ನೋಡುತ್ತಿರುತ್ತಾನೆ, ಕಾಫಿ ಬಂದರೆ ನಿಲ್ಲಿಸುತ್ತಾನೆ, ಬಿಟ್ಟ ಕಡೆಯಿಂದ ಮತ್ತೆ ಎತ್ತಿಕೊಳ್ಳುತ್ತಾನೆ. ಕಾಯಿಲೆಯವನಿಗೆ ಕೇಳುಗ ಕಾಣುವುದು ನಿಂತುಹೋಗುತ್ತದೆ. ಉಸಿರು ಮೇಲೆ ಬರುತ್ತದೆ, ಕಣ್ಣು ಗೋಡೆಯ ಒಂದು ಜಾಗದಲ್ಲಿ ನೆಡುತ್ತದೆ, ಕರೆದರೆ ಓಗೊಡಲು ಕ್ಷಣ ಹೊತ್ತು ಬೇಕಾಗುತ್ತದೆ. 'ಕಣ್ಣಿಗೆ ಕಟ್ಟಿದ ಹಾಗಿದೆ' ಎಂದು ನಾವು ಸಲೀಸಾಗಿ ಆಡುವ ಮಾತು ಇವನಿಗೆ ಅಕ್ಷರಶಃ ಆಗಿದೆ.

ಉಪಯೋಗಕ್ಕೆ ಬರುವ ಸುಳಿವು ಸಿಕ್ಕಿದ್ದು ಇವೆರಡಕ್ಕಿಂತ ಚಿಕ್ಕ ಜಾಗದಲ್ಲಿ. ಆಂಕೆ ಏಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ 2000ದಲ್ಲಿ ಮಂಡಿಸಿದ ಮಾದರಿ ಇಂದು ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿದೆ. ಅವರ ಪ್ರಕಾರ ಭೀಕರ ಗಳಿಗೆಯಲ್ಲಿ ಮಿದುಳು ವಾಸನೆ, ಸದ್ದು, ಬಣ್ಣಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅದು ಯಾವ ದಿನ, ಮೊದಲು ಏನಾಯಿತು, ಕೊನೆಗೆ ಏನಾಯಿತು ಎಂಬ ಪೋಣಿಕೆ ಮಾತ್ರ ಸಡಿಲವಾಗಿ ಉಳಿಯುತ್ತದೆ. ದಿನಾಂಕವಿಲ್ಲದ ಕಾಗದದ ಹಾಗೆ ಆ ತುಣುಕು ಯಾವಾಗ ಕೈಗೆ ಬಂದರೂ ಇವತ್ತಿನದೇ ಎನ್ನಿಸುತ್ತದೆ. ಆದ್ದರಿಂದ ಅವರ ಚಿಕಿತ್ಸೆಯ ಒಂದು ಭಾಗ ಬಹಳ ಸರಳವಾದದ್ದು: ಆಗಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸಗಳನ್ನು ಒಂದೊಂದಾಗಿ, ಬಾಯಿಬಿಟ್ಟು, ಎತ್ತಿ ಹೇಳುವುದು. ಬೇರೆ ಭಾಷೆಗಳಲ್ಲಿ ಇದಕ್ಕೆ ನಂಟಿಲ್ಲದ ಎರಡು ಪದಗಳನ್ನು ಹುಡುಕಬೇಕಾಗಬಹುದು. ಕನ್ನಡಕ್ಕೆ ಒಂದು ಸ್ವರ ಸಾಕು. ಆಗ, ಈಗ. ಆ ದಾರಿ, ಈ ದಾರಿ. ಆ ವಾಸನೆ, ಈ ವಾಸನೆ. ಮೂರು ವರ್ಷದ ಮಗುವಿಗೂ ಗೊತ್ತಿರುವ ಭೇದ ಇದು; ಓದು ಬರಹ ಬೇಡ, ಮನಶ್ಶಾಸ್ತ್ರ ಬೇಡ. ನಮ್ಮ ಲಾರಿಯವನು ಲೈನರ್ ವಾಸನೆ ಬಂದಾಗ ಗಾಡಿ ಬದಿಗೆ ಹಾಕಿ ಹೇಳಿಕೊಳ್ಳಬೇಕಾದದ್ದು ಇಷ್ಟು: ಆಗ ಮಳೆ ಇತ್ತು, ಈಗ ಬಿಸಿಲಿದೆ. ಆಗ ಇಳಿಜಾರು, ಈಗ ಸಪಾಟು. ಆಗ ಕೈಯಲ್ಲಿ ಸ್ಟೀರಿಂಗ್, ಈಗ ಕೈಯಲ್ಲಿ ನೀರಿನ ಬಾಟಲಿ. ವಾಸನೆ ಒಂದೇ, ಉಳಿದದ್ದೆಲ್ಲ ಬೇರೆ. ಒಂದು ಸಲಕ್ಕೆ ಇದು ಹಿಡಿಯುವುದಿಲ್ಲ, ಮಂತ್ರವೂ ಅಲ್ಲ. ನೂರು ಸಲ ಆಗಬೇಕಾದ ಅಭ್ಯಾಸ.

ನಮ್ಮಲ್ಲಿ ಎಲ್ಲರೂ ಕೊಡುವ ಸಲಹೆ ಇದಕ್ಕೆ ತದ್ವಿರುದ್ಧವಾದದ್ದು: 'ಮರೆತುಬಿಡು.' ಪ್ರೀತಿಯಿಂದಲೇ ಹೇಳುತ್ತಾರೆ. ಈ ಸಲಹೆಯ ಮೇಲೆ ಮೊದಲು ಗಟ್ಟಿಯಾಗಿ ಆಕ್ಷೇಪ ಎತ್ತಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಒಬ್ಬರು. ಮೊದಲ ಮಹಾಯುದ್ಧದಲ್ಲಿ 'ಶೆಲ್ ಶಾಕ್' ಎಂಬ ಹೆಸರು ಹೊತ್ತು ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದ ಅಧಿಕಾರಿಗಳನ್ನು ನೋಡಿಕೊಂಡವರು ಇವರು. ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಅವರ ರೋಗಿಯಾಗಿದ್ದರು. ಯುದ್ಧದ ಅನುಭವವನ್ನು ಅದುಮಿಡುವುದನ್ನು ಕುರಿತ ಅವರ ಉಪನ್ಯಾಸ 1918ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಹಗಲೆಲ್ಲ ಯೋಚನೆಯನ್ನು ಹತ್ತಿಕ್ಕಿದವರಿಗೆ ರಾತ್ರಿ ಅದು ಇಮ್ಮಡಿಯಾಗಿ ಬರುತ್ತಿತ್ತು. ಹತ್ತಿಕ್ಕುವುದನ್ನು ಬಿಟ್ಟು ಎದುರುಗೊಂಡಾಗ ಹಲವರ ಕನಸುಗಳು ಬದಲಾದವು ಎಂಬುದು ಅಲ್ಲಿ ಅವರು ಕಂಡದ್ದು. ಅಡ್ಡಮಾತು: ಇದೇ ರಿವರ್ಸ್ ಆ ಶತಮಾನದ ಮೊದಲಲ್ಲಿ ಗುಂಡ್ಲುಪೇಟೆಯ ಆಚೆಗಿನ ನೀಲಗಿರಿಯಲ್ಲಿ ತೋಡರ ನಡುವೆ ತಿಂಗಳುಗಟ್ಟಲೆ ಇದ್ದು, ಅವರ ವಂಶಾವಳಿಗಳನ್ನು ಕೂತು ಬರೆದುಕೊಂಡು, 1906ರಲ್ಲಿ ಅವರ ಮೇಲೊಂದು ದೊಡ್ಡ ಪುಸ್ತಕ ತಂದವರು. ಯಾರು ಯಾರ ಮಗ, ಯಾವುದು ಮೊದಲು, ಯಾವುದು ಆಮೇಲೆ ಎಂದು ತಾಳ್ಮೆಯಿಂದ ಕೇಳುವ ಅಭ್ಯಾಸ ಅವರಿಗೆ ಆಸ್ಪತ್ರೆಯಲ್ಲೂ ನೆರವಾಗಿರಬೇಕು ಎಂಬುದು ನನ್ನ ಊಹೆ, ಪುರಾವೆಯಿಲ್ಲ.

ಹಾಗಾದರೆ ಎಲ್ಲರನ್ನೂ ಕೂರಿಸಿ ಹೇಳಿಸಿಬಿಡಬೇಕೇ? ಇಲ್ಲೇ ಸದುದ್ದೇಶದವರು ಎಡವಿದ್ದು. ದುರಂತವಾದ ಕೆಲವೇ ದಿನಗಳಲ್ಲಿ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸಿ ಮನಸ್ಸು ಹಗುರ ಮಾಡುವ ಪದ್ಧತಿ 1980ರ ದಶಕದಿಂದ ಜಗತ್ತಿನಲ್ಲೆಲ್ಲ ಹರಡಿತು. ಸುಟ್ಟಗಾಯದ ರೋಗಿಗಳ ಮೇಲೆ ಜೊನಾಥನ್ ಬಿಸನ್ ಮತ್ತು ಸಂಗಡಿಗರು ನಡೆಸಿ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 13 ತಿಂಗಳ ನಂತರ ನೋಡಿದಾಗ, ಹೀಗೆ ಹೇಳಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಈ ಕಾಯಿಲೆ ಇತ್ತು. ಸುಮ್ಮನೆ ಬಿಟ್ಟವರಲ್ಲಿ 9 ಮಂದಿಗೆ. ಹೇಳಿಸಿದ ಗುಂಪಿನವರ ಗಾಯ ಮೊದಲೇ ಕೊಂಚ ಹೆಚ್ಚಿತ್ತು ಎಂಬ ಆಕ್ಷೇಪವಿದೆ. ಆದರೂ ಆಮೇಲಿನ ಸಮೀಕ್ಷೆಗಳಲ್ಲಿ ಈ ಪದ್ಧತಿಯಿಂದ ಲಾಭ ಕಂಡಿಲ್ಲ, ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇದನ್ನು ಮಾಡಬೇಡಿ ಎನ್ನುತ್ತದೆ. ಮೊದಲ ದಿನಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿದ ಪ್ರಥಮ ಚಿಕಿತ್ಸೆ ಬಹಳ ಸಪ್ಪೆಯಾದದ್ದು, ಅದಕ್ಕೇ ಒಳ್ಳೆಯದು: ನೋಡಿ, ಕೇಳಿಸಿಕೊಳ್ಳಿ, ಬೇಕಾದವರ ಜೊತೆ ಸೇರಿಸಿ. ಕಂಬಳಿ, ಬಿಸಿ ಚಹಾ, ಕಳೆದುಹೋದ ಮಗನ ಫೋನ್ ನಂಬರ್. ಮಾತಾಡಬೇಕೆನ್ನುವವರ ಮಾತು ಕೇಳುವುದು, ಬೇಡವೆನ್ನುವವರನ್ನು ಕೆದಕದಿರುವುದು. ಹೆಚ್ಚಿನವರು ಇಷ್ಟರಲ್ಲೇ ದಡ ಸೇರುತ್ತಾರೆ. ಜಗತ್ತಿನಲ್ಲಿ ನೂರಕ್ಕೆ 70 ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಭೀಕರ ಘಟನೆಗೆ ಸಿಕ್ಕುತ್ತಾರೆ, ಹಾಗೆ ಸಿಕ್ಕವರಲ್ಲಿ ಕಾಯಿಲೆಗೆ ಬೀಳುವವರು ನೂರಕ್ಕೆ 6ರೊಳಗೆ ಎನ್ನುತ್ತದೆ ಅದೇ ಸಂಸ್ಥೆ.

ಬಿದ್ದವರಿಗೆ ಬೇಕಾದದ್ದು ಬೇರೆ, ಅದು ನಿಧಾನದ ಕೆಲಸ. ತರಬೇತಾದವರ ಎದುರು, ವಾರಕ್ಕೊಮ್ಮೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಬೈಠಕ್ಕುಗಳಲ್ಲಿ, ಆದದ್ದನ್ನು ಮೊದಲಿಂದ ಕೊನೆಯವರೆಗೆ ಹಲವು ಸಲ ಹೇಳಿ ಅದಕ್ಕೊಂದು ಕೊನೆ ಕಾಣಿಸುವುದು ಈ ಚಿಕಿತ್ಸೆಗಳ ಸಾಮಾನ್ಯ ಎಳೆ. ಎಡ್ನಾ ಫೋವಾ ಬೆಳೆಸಿದ ಪದ್ಧತಿಯಲ್ಲಿ ಹೆದರಿದ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂತಿರುಗುವುದೂ ಇದೆ. ಪೆಟ್ರೀಷಿಯಾ ರೆಸಿಕ್ ಪದ್ಧತಿ 'ನನ್ನಿಂದಲೇ ಆಯಿತು' ಎಂಬಂಥ ಗಂಟುಗಳನ್ನು ಬಿಡಿಸುತ್ತದೆ. ಕಣ್ಣಗುಡ್ಡೆ ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಇಎಂಡಿಆರ್‌ನಲ್ಲಿ ಕಣ್ಣಿನ ಚಲನೆಯ ಪಾಲೆಷ್ಟು ಎಂಬ ಜಗಳ ಮುಗಿದಿಲ್ಲ, ಚಿಕಿತ್ಸೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಹೆಚ್ಚು ಜಗಳವಿಲ್ಲ. ನನಗೆ ಹಿಡಿಸಿದ್ದು ಜರ್ಮನಿಯ ಕೊನ್‌ಸ್ಟಾನ್ಸ್‌ನಲ್ಲಿ ನಿರಾಶ್ರಿತರಿಗಾಗಿ ರೂಪಿಸಿದ ಕಥನ ಚಿಕಿತ್ಸೆ. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಒಂದು ತುದಿ ಹುಟ್ಟು, ಇನ್ನೊಂದು ತುದಿಯಲ್ಲಿ ಸುತ್ತಿಟ್ಟ ಹಗ್ಗ ಇನ್ನು ಬರಬೇಕಾದ ದಿನಗಳದು. ಒಳ್ಳೆಯದು ನಡೆದ ಕಡೆ ಹೂವು, ಕೆಟ್ಟದ್ದು ನಡೆದ ಕಡೆ ಕಲ್ಲು. ರೋಗಿ ತನ್ನ ಕೈಯಿಂದಲೇ ಇಡಬೇಕು. ಕಲ್ಲಿನ ಮುಂದೆಯೂ ಹಗ್ಗ ಇರುವುದು ಕಣ್ಣಿಗೆ ಕಾಣುತ್ತದೆ: 'ಆಗ' ಎಂಬುದಕ್ಕೆ ನೆಲದ ಮೇಲೆ ಒಂದು ಜಾಗ ಸಿಗುತ್ತದೆ.

ಔಷಧಿಗಳ ಮಾತು ಚಿಕ್ಕದು. ಸರ್ಟ್ರಲೀನ್, ಪಾರಾಕ್ಸೆಟಿನ್, ವೆನ್ಲಾಫಾಕ್ಸಿನ್ ಕೆಲವರಿಗೆ ನೆರವಾಗುತ್ತವೆ, ವೈದ್ಯರು ಬರೆದುಕೊಟ್ಟರೆ ಹೇಳಿದಷ್ಟು ಕಾಲ ತೆಗೆದುಕೊಳ್ಳಬೇಕು. ಅಲ್ಪ್ರಜೋಲಾಮ್ ಜಾತಿಯ ನಿದ್ದೆ ಮಾತ್ರೆಗಳು ಈ ಕಾಯಿಲೆಗೆ ಬೇಡ ಎನ್ನುತ್ತವೆ ಮುಖ್ಯ ಮಾರ್ಗಸೂಚಿಗಳು. ನಮ್ಮಲ್ಲಿ ಅವೇ ಸುಲಭಕ್ಕೆ ಸಿಗುತ್ತವೆ. ಕ್ವಾರ್ಟರ್ ಕೂಡ ಅದೇ ಕೆಲಸ ಮಾಡುತ್ತದೆ: ನಿದ್ದೆ ತರುತ್ತದೆ, ಮಧ್ಯರಾತ್ರಿಯ ಮೇಲೆ ಅದನ್ನು ಕೆಡಿಸುತ್ತದೆ.

ಮನೆಯವರು ಮಾಡಬಹುದಾದದ್ದು ಒಂದಿಷ್ಟಿದೆ. ಕನಸಿನಲ್ಲಿ ಒದ್ದಾಡುತ್ತಿರುವವರನ್ನು ಮೈಮುಟ್ಟಿ ಅಲುಗಿಸಿ ಎಬ್ಬಿಸಬಾರದು, ಎದುರಾಳಿಯೆಂದೇ ಹೊಡೆದಾರು. ಲೈಟ್ ಹಾಕಿ, ಮಾರು ದೂರದಿಂದ ಹೆಸರು ಹಿಡಿದು ಕರೆಯಬೇಕು. ಎದ್ದ ಮೇಲೆ ಪಾದ ನೆಲಕ್ಕೆ ಊರಿಸಿ, 'ನೀವು ಮನೇಲಿದೀರ, ಇವತ್ತು ಗುರುವಾರ, ಪಕ್ಕದಲ್ಲಿ ನಾನಿದೀನಿ' ಎಂದು ಸಾದಾ ಮಾತಿನಲ್ಲಿ ಹೇಳಬೇಕು. ಏನು ಕನಸು ಎಂದು ಆ ಹೊತ್ತಿನಲ್ಲಿ ಕೇಳಬಾರದು. ಹಗಲು ಅವರು ತಪ್ಪಿಸುವ ದಾರಿಯನ್ನು ಅವರ ಪರವಾಗಿ ನಾವೂ ತಪ್ಪಿಸುತ್ತಾ ಹೋದರೆ ಮನೆಯೇ ಸಣ್ಣದಾಗುತ್ತದೆ; ಬಲವಂತವಾಗಿ ಎಳೆದುಕೊಂಡು ಹೋದರೆ ಕೆಡುತ್ತದೆ. ಇವೆರಡರ ನಡುವಿನ ಅಳತೆ ತರಬೇತಾದವರ ಜೊತೆ ಕೂತು ಹುಡುಕಬೇಕಾದದ್ದು.

ಈಗ ಈ ಕಾಯಿಲೆಯನ್ನು ಗುರುತಿಸಲು ಕೇಳುವ ಪ್ರಶ್ನಾವಳಿಗಳ ಮಾತಿಗೆ ಬರುತ್ತೇನೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಈ ಕಾಯಿಲೆ ಕಂಡದ್ದು ವಯಸ್ಕರಲ್ಲಿ ನೂರಕ್ಕೆ ಸುಮಾರು 0.2 ಮಂದಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆ ಕೊಡುವ ಅಂದಾಜು 3.9. ಇವೆರಡನ್ನು ಎದುರುಬದುರು ಇಡುವುದು ಸರಿಯಲ್ಲ. ಒಂದು ಸಮೀಕ್ಷೆಯ ಹೊತ್ತಿನ ಲೆಕ್ಕ, ಇನ್ನೊಂದು ಇಡೀ ಬದುಕಿನದು. ಅಂತರದ ಒಂದು ಪಾಲು ಕೇಳಿದ ಮಾತಿನಿಂದಲೂ ಬಂದಿರಬಹುದೇ ಎಂಬುದು ನನ್ನ ಪ್ರಶ್ನೆ. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲವಾದ್ದರಿಂದ ಕನ್ನಡದ ಬಗ್ಗೆ ಅದು ನೇರವಾಗಿ ಏನೂ ಹೇಳದು. ಅನುವಾದದ ತೊಡಕು ಮಾತ್ರ ಎಲ್ಲ ಭಾಷೆಗಳಿಗೂ ಇರುವಂಥದ್ದೇ.

'ತಪ್ಪಿಸಿಕೊಳ್ಳುತ್ತೀರಾ?' ಎಂದು ಕೇಳಿದರೆ ಕನ್ನಡದವರು ಇಲ್ಲ ಎನ್ನುತ್ತಾರೆ. ತಪ್ಪಿಸಿಕೊಳ್ಳುವವರು ಕಳ್ಳರು, ಸಾಲಗಾರರು, ಶಾಲೆಗೆ ಚಕ್ಕರ್ ಹೊಡೆಯುವ ಹುಡುಗರು. 'ಆ ದಾರಿಯಲ್ಲಿ ಕೊನೇ ಸಲ ಹೋಗಿದ್ದು ಯಾವಾಗ?' ಎನ್ನಬೇಕು. 'ಅತಿ ಜಾಗರೂಕತೆ ಇದೆಯೇ?' ಎಂದರೆ ಹೊಗಳಿದ ಹಾಗೆ ಕೇಳಿಸುತ್ತದೆ. 'ಕನಸಿನಲ್ಲಿ ಸತ್ತವರು ಬರುತ್ತಾರೆಯೇ?' ಎಂಬುದು ಇನ್ನೂ ಕೆಟ್ಟ ಪ್ರಶ್ನೆ. ನಮ್ಮಲ್ಲಿ ಅವರು ಬರುವುದು ಕಾಯಿಲೆಯಲ್ಲ, ಹಲವರಿಗೆ ಅದೇ ಸಮಾಧಾನ, ಬಾರದಿದ್ದರೇ ಚಿಂತೆ. 'ಬೆಚ್ಚಿಬೀಳುತ್ತೀರಾ?' ಎಂಬುದು ಮಾತ್ರ ಚಿನ್ನದಂಥ ಪ್ರಶ್ನೆ. ಯಾವ ವಿವರಣೆಯೂ ಇಲ್ಲದೆ ಮೈಯ ಆ ಒಂದು ಕುಲುಕನ್ನು ಅದು ಮುಟ್ಟುತ್ತದೆ. ಇನ್ನು ಎದೆ. ಎದೆ ಝಲ್ಲೆನ್ನುವುದು, ಎದೆಗುಂದುವುದು, ಎದೆ ಒಡೆಯುವುದು: ಧೈರ್ಯವನ್ನೂ ಭಯವನ್ನೂ ನಾವು ಎದೆಯಲ್ಲೇ ಇಟ್ಟಿದ್ದೇವೆ. ಕಾಂಬೋಡಿಯಾದಲ್ಲಿ ಕ್ಮೇರ್ ರೂಜ್ ಕಾಲ ದಾಟಿ ಬಂದವರು ತಮ್ಮ ಸ್ಥಿತಿಗೆ 'ಬಾಕ್‌ಸ್ಬಾತ್', ಅಂದರೆ ಮುರಿದ ಧೈರ್ಯ, ಎಂಬ ಪದ ಬಳಸುತ್ತಾರೆ. ಅಲ್ಲಿನ ಮನೋವೈದ್ಯರು ಅದನ್ನೇ ಹಿಡಿದು ಅಧ್ಯಯನ ಮಾಡಿದರು. ನಮ್ಮ 'ಎದೆ ಒಡೆದುಹೋಯಿತು' ಇಸಿಜಿ ತೆಗೆಸಿ, ನಾರ್ಮಲ್ ಎಂಬ ಚೀಟಿ ಹಿಡಿದು ಮನೆಗೆ ಹೋಗುತ್ತದೆ.

ಕೇಳುವವರು ಯಾರು ಎಂಬುದೂ ಮುಖ್ಯ. ಬೆಂಗಳೂರಿನಲ್ಲಿ 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಸತ್ತಾಗ ನಿಮ್ಹಾನ್ಸ್‌ನವರು ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ಹೋದರು. 1984ರ ಭೋಪಾಲದ ಅನಿಲ ದುರಂತದ ನಂತರ ನಿಮ್ಹಾನ್ಸ್‌ನಿಂದ ಹೋದ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು, ಅವರಿಗಾಗಿ ಕೈಪಿಡಿ ಬರೆದರು. ಆ ದಾರಿ ಮುಂದುವರಿದು ಇವತ್ತು ಮೊದಲು ಬಾಗಿಲು ತಟ್ಟುವವರು ಆಶಾ ಕಾರ್ಯಕರ್ತೆಯರಾಗಿರಬಹುದು, ಮೊದಲು ಮಾತು ಕೇಳುವವರು 14416ರಲ್ಲಿ ಟೆಲಿ-ಮಾನಸ್ ಕರೆ ಎತ್ತುವವರಾಗಿರಬಹುದು. ಅವರ ಕೈಯಲ್ಲಿ 'ಆಘಾತೋತ್ತರ' ಇಟ್ಟು ಕಳಿಸುವುದು ನ್ಯಾಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೇ ತೊಡರುವ ಒಂದು ಸಂಗತಿ ಉಳಿದಿದೆ. ಆಗ-ಈಗ ಎಂಬ ಉಪಾಯ ನಿಂತಿರುವುದು ಈಗ ಅಪಾಯವಿಲ್ಲ ಎಂಬ ನಂಬಿಕೆಯ ಮೇಲೆ. ಹೊಡೆಯುವ ಗಂಡನ ಜೊತೆಗೇ ಇರುವವಳಿಗೆ ಈ ಉಪಾಯ ಕಲಿಸುವುದು ಕ್ರೌರ್ಯ. ಅವಳಿಗೆ ಮೊದಲು ಬೇಕಾದದ್ದು ಬೇರೆ ಸೂರು. ಕೊಡಗಿನ ಸಂಗತಿ ಇನ್ನೂ ಸೂಕ್ಷ್ಮ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಿನ ಗುಡ್ಡಗಳು ಜರಿದು ಜೋಡುಪಾಲ, ಮಕ್ಕಂದೂರು ಕಡೆಯ ಜನ ಮನೆ ತೋಟ ಬಿಟ್ಟು ಓಡಿದರು. ಮರುವರ್ಷ ಆಗಸ್ಟಿನಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು. ಅದರ ಮರುವರ್ಷ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಲ್ಲಿನವರಿಗೆ 'ಆಗ ಮಳೆ, ಈಗಲೂ ಮಳೆ'. ಇದರ ಮೇಲೆ, ಆ ಭಾಗದ ಹಲವರ ಮನೆಮಾತು ಕೊಡವ ಅಥವಾ ಅರೆಭಾಷೆ. ಭಯವನ್ನು ಅವರು ಆಡುವುದು ಆ ಮಾತುಗಳಲ್ಲಿ, ಕನ್ನಡದ ನನ್ನ ಪಟ್ಟಿ ಅಲ್ಲಿಗೆ ಹಾಗೇ ಸಲ್ಲದು.

ಜುಲೈ ತಿಂಗಳಲ್ಲಿ ಅಂಥ ಇಳಿಜಾರಿನ ಮನೆಯೊಂದಕ್ಕೆ ಹೋಗಿದ್ದೇವೆ ಎಂದುಕೊಳ್ಳಿ. ಮುಂಬಾಗಿಲ ಪಕ್ಕದಲ್ಲಿ ಒಂದು ಚೀಲ ಇದೆ. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮಗಳ ಮಾರ್ಕ್ಸ್ ಕಾರ್ಡು, ಟಾರ್ಚು, ಬಿಪಿ ಮಾತ್ರೆ. ಮನೆಯಾಕೆ ರಾತ್ರಿ ಎರಡು ಸಲ ಎದ್ದು ಹಿಂದಿನ ಬರೆಯ ಕಡೆ ಟಾರ್ಚು ಬಿಟ್ಟು ನೋಡುತ್ತಾಳೆ. ಪ್ರಶ್ನಾವಳಿಯ ಚೌಕದಲ್ಲಿ ಇದನ್ನು 'ಅಪಾಯ ಈಗಲೂ ಇದೆ ಎಂಬ ಭಾವನೆ: ಹೌದು' ಎಂದು ಗುರುತು ಹಾಕಿದರೆ ತಪ್ಪಾಗುತ್ತದೆ. ಮಳೆಗಾಲದಲ್ಲಿ ಹೀಗೆ ಸಿದ್ಧವಾಗಿರಿ ಎಂದು ವಿಪತ್ತು ನಿರ್ವಹಣೆಯವರೇ ಹೇಳುವುದು, ಆಕೆ ಬುದ್ಧಿವಂತೆ. ಏನೂ ಇಲ್ಲ ಎಂದು ಬಿಟ್ಟು ಬಂದರೂ ತಪ್ಪಾಗಬಹುದು. ಆ ಮನೆಗೆ ಇನ್ನೊಮ್ಮೆ ಹೋಗಬೇಕು. ತುಲಾ ಸಂಕ್ರಮಣ ಕಳೆದು, ಮಳೆ ಹಿಂದಾಗಿ, ಅಂಗಳ ಒಣಗಿ, ಕಾಫಿ ಹಣ್ಣಿಗೆ ಬಣ್ಣ ಬರುವ ಹೊತ್ತಿಗೆ ಹೋಗಿ, ಬಾಗಿಲ ಪಕ್ಕದಲ್ಲಿ ಆ ಚೀಲ ಇನ್ನೂ ಇದೆಯೇ ಎಂದು ನೋಡಬೇಕು.